‘ಸುಮ್ನೆ ಮನೇಲಿದ್ದಾನೆ’

ಮುಂಬಯಿಯ ನಮ್ಮ ಸಂಘಗಳ ವಿದ್ಯಾರ್ಥಿವೇತನ ಸಮಾರಂಭಗಳಲ್ಲಿ ಶೇ. 90 ದಾಟಿದವರ ಹೆಸರನ್ನು ಮೈಕಿನಲ್ಲಿ ಓದುತ್ತಾರೆ. ಹತ್ತನೇ ತರಗತಿಯಲ್ಲಿ ನಪಾಸಾಗಿ, ಎರಡು ವರ್ಷದಿಂದ ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುವ ಹುಡುಗನ ವಿಷಯ ಬಂದರೆ ‘ಸುಮ್ನೆ ಮನೇಲಿದ್ದಾನೆ’ ಎಂದು ಮಾತು ಮುಗಿಸುತ್ತೇವೆ. ಹುಡುಗಿಯಾದರೆ ‘ಗಂಡು ನೋಡ್ತಾ ಇದ್ದೇವೆ’ ಎಂದರಾಯಿತು, ಅವಳು ಲೆಕ್ಕಕ್ಕೇ ಬರುವುದಿಲ್ಲ.

ಹಿಂದೆ ಊರಿನಲ್ಲಿ ಓದು ತಲೆಗೆ ಹತ್ತದವನನ್ನು ಮುಂಬಯಿಗೆ ಕಳಿಸುತ್ತಿದ್ದರು. ಹಗಲು ಹೋಟೆಲಿನಲ್ಲಿ ದುಡಿತ, ಸಂಜೆ ಕನ್ನಡ ರಾತ್ರಿಶಾಲೆ. ಅಲ್ಲಿ ಕಲಿತು ಮೇಲೆ ಬಂದವರ ಕತೆ ಎಲ್ಲರಿಗೂ ಗೊತ್ತು. ಆದರೆ ಅಕ್ಷರಕ್ಕೂ ಅದರ ದನಿಗೂ ನಂಟು ಕೂಡದೆ ಒದ್ದಾಡಿದವನು ಅಲ್ಲೂ ಹಿಂದಿನ ಬೆಂಚಿನಲ್ಲೇ ಉಳಿದಿರಬೇಕು. ಸ್ಮರಣ ಸಂಚಿಕೆಗಳಲ್ಲಿ ಅವನ ಫೋಟೋ ಇರುವುದಿಲ್ಲ.

ಈ ತೊಡಕಿಗೆ ಡಿಸ್‌ಲೆಕ್ಸಿಯಾ ಎಂಬ ಹೆಸರಿದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು ಮಹಾರಾಷ್ಟ್ರ ಸರ್ಕಾರ 1996ರಲ್ಲೇ ಒಪ್ಪಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ತನ್ನ 21 ವಿಧಗಳಲ್ಲಿ ಸೇರಿಸಿತು. ಸಯನ್ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸುವ ಕ್ಲಿನಿಕ್ಕೇ ಇದೆ. ಆದರೆ ಅಲ್ಲಿಗೆ ಕಳಿಸುವವರು ಸಾಮಾನ್ಯವಾಗಿ ಶಾಲೆಯವರು. ಶಾಲೆ ಬಿಟ್ಟವನಿಗೆ ದಾರಿ ಹೇಳುವವರಾರು?

ನಮ್ಮ ಮಕ್ಕಳಿಗೆ ಇನ್ನೊಂದು ಸಿಕ್ಕಿದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. ಓದು ತಡವಾದರೆ ‘ಭಾಷೆ ಹೊಸದು, ಸರಿಹೋಗುತ್ತದೆ’ ಎನ್ನುತ್ತೇವೆ. ಕೆಲವರಿಗೆ ಸರಿಹೋಗುತ್ತದೆ ಕೂಡ. ಸರಿಹೋಗದವನು ಹತ್ತು ವರ್ಷ ‘ಸೋಮಾರಿ’ ಎಂಬ ಮಾತು ಕೇಳುತ್ತಲೇ ಬೆಳೆಯುತ್ತಾನೆ. ಆಮೇಲೆ ಅವನಿಗೆ ನಿದ್ದೆ ಬರುವುದಿಲ್ಲ, ಮದುವೆ-ಮುಂಜಿಗೆ ಬರುವುದಿಲ್ಲ, ಯಾರಾದರೂ ಬಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಅದನ್ನೂ ಸೋಮಾರಿತನದ ಖಾತೆಗೇ ಬರೆಯುತ್ತೇವೆ. ಖಿನ್ನತೆ ಎಂಬ ಪದ ನಮ್ಮ ಮನೆಗಳಲ್ಲಿ ಇನ್ನೂ ಟಿವಿಯವರದ್ದೇ.

ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಮೂಲಕ ಹತ್ತನೇ ತರಗತಿಯನ್ನು ಮತ್ತೆ ಕಟ್ಟಬಹುದು. ಗರಿಷ್ಠ ವಯಸ್ಸಿನ ಮಿತಿಯಿಲ್ಲ. ವಿಷಯಗಳನ್ನು ಒಂದೊಂದಾಗಿ, 5 ವರ್ಷದೊಳಗೆ ಮುಗಿಸಿದರೆ ಸಾಕು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ 2022ರಿಂದ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹುಡುಗನೇ ಮಾಡಬೇಕೆಂದಿಲ್ಲ, ಅಮ್ಮನೂ ಮಾಡಬಹುದು.

ಆದರೆ ಅಪ್ಪ, ಅಜ್ಜಿ, ತಂಗಿ ಎಲ್ಲರೂ ಇರುವ ಒಂದು ಕೋಣೆಯಲ್ಲಿ ಇದನ್ನೆಲ್ಲ ಮಾತಾಡುವುದು ಹೇಗೆ? ಸಂಘದ ಕಚೇರಿ ವಾರದಲ್ಲಿ ಎಷ್ಟೋ ಸಂಜೆ ಖಾಲಿ ಇರುತ್ತದೆ. ಒಂದು ಕುರ್ಚಿ, ಒಂದು ಫೋನ್, ಮುಚ್ಚಲು ಬರುವ ಒಂದು ಬಾಗಿಲು. ಇಷ್ಟನ್ನು ಕೊಡಲು ಠರಾವು ಕೂಡ ಬೇಕಾಗಲಿಕ್ಕಿಲ್ಲ.