ಬೆದರಿದ ಕರು, ಕೆರಳುವ ದುಂಡಾಣು

ಸಂತೆಯಿಂದ ಲವಲವಿಕೆಯಾಗಿದ್ದ ಕರುವನ್ನೇ ಆರಿಸಿ ತಂದರೂ ಮೂರು-ನಾಲ್ಕು ದಿನಗಳಲ್ಲಿ ಅದಕ್ಕೆ ಭೇದಿ ಹತ್ತಿ, ನೆಲ ಹಿಡಿಯುವುದನ್ನು ಅನೇಕ ರೈತರು ಕಂಡಿದ್ದಾರೆ. ನೀರು ಒಗ್ಗಲಿಲ್ಲ, ದೃಷ್ಟಿ ತಗಲಿತು ಎಂದು ಹೇಳುವುದುಂಟು. ಪ್ರಯಾಣದ ಆಯಾಸ ಮತ್ತು ಭಯದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂಬುದು ಪಶುವೈದ್ಯರ ವಿವರಣೆ. ಇದು ಸರಿಯಾದರೂ ಪೂರ್ಣವಲ್ಲ. ಪ್ರಾಣಿಯ ನರಗಳು ಹೊರಡಿಸುವ ಸಂಕೇತವನ್ನು ಕರುಳಿನಲ್ಲಿರುವ ಕೆಲವು ರೋಗಾಣುಗಳು ತಾವೇ ಗುರುತಿಸಿ ಹೆಚ್ಚು ಅಪಾಯಕಾರಿಯಾಗುತ್ತವೆ ಎಂಬುದು ಈಗ ತಿಳಿದುಬಂದಿದೆ.

ಕರುಳಿಗೆ ಮುಟ್ಟುವ ಭಯ

ಕರುಳಿನ ಗೋಡೆಯಲ್ಲಿ ನರಗಳ ದಟ್ಟವಾದ ಜಾಲವಿದೆ. ಪ್ರಾಣಿಯು ಬೆದರಿದಾಗ, ಹಸಿದಾಗ ಅಥವಾ ತಾಯಿಯಿಂದ ಅಗಲಿದಾಗ ಈ ನರಗಳ ತುದಿಗಳಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವು ಹೆಚ್ಚಾಗಿ ಸ್ರವಿಸುತ್ತದೆ. ಇದರ ಒಂದಂಶ ಕರುಳಿನ ಒಳಭಾಗಕ್ಕೂ ಸೇರಿ, ಅಲ್ಲಿನ ದುಂಡಾಣುಗಳಿಗೆ ತಾಕುತ್ತದೆ.

ದುಂಡಾಣುವಿಗೆ ಎರಡು ಲಾಭ

1992ರಲ್ಲಿ ಅಮೆರಿಕದ ಮಾರ್ಕ್ ಲೈಟ್ ಮತ್ತು ಶರಾನ್ ಅರ್ನ್ಸ್ಟ್ ಅವರು ರಕ್ತದ ಸೀರಂ ಬೆರೆಸಿದ ದ್ರಾವಣದಲ್ಲಿ ಇ. ಕೋಲೈ ಮುಂತಾದ ದುಂಡಾಣುಗಳನ್ನು ಬೆಳೆಸಿದರು. ನಾರ್‌ಅಡ್ರಿನಲಿನ್ ಸೇರಿಸಿದ ಕಡೆ ಅವುಗಳ ಬೆಳವಣಿಗೆ ಬಹುಪಾಲು ಹೆಚ್ಚಿತ್ತು. ಕಾರಣವೂ ಮುಂದೆ ಗೊತ್ತಾಯಿತು. ದುಂಡಾಣುಗಳ ಬೆಳವಣಿಗೆಗೆ ಕಬ್ಬಿಣ ಬೇಕು. ದೇಹವು ತನ್ನ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನಲ್ಲಿ ಭದ್ರವಾಗಿ ಹಿಡಿದಿಟ್ಟಿರುತ್ತದೆ. ನಾರ್‌ಅಡ್ರಿನಲಿನ್ ಈ ಹಿಡಿತವನ್ನು ಸಡಿಲಿಸುವುದರಿಂದ ಕಬ್ಬಿಣವು ದುಂಡಾಣುವಿನ ಪಾಲಾಗುತ್ತದೆ. ಕಣಜದ ಬೀಗ ತೆರೆದಂತೆಯೇ ಸರಿ.

ಎರಡನೆಯದು ಇನ್ನೂ ಮುಖ್ಯ. ಇ. ಕೋಲೈಯ ಹೊರಪದರದ ಬಳಿ ನಾರ್‌ಅಡ್ರಿನಲಿನ್‌ಅನ್ನು ಗುರುತಿಸುವ ಒಂದು ಪ್ರೋಟೀನು ಇರುವುದನ್ನು ವನೆಸ್ಸಾ ಸ್ಪೆರಾಂಡಿಯೊ ಅವರ ತಂಡವು 2006ರಲ್ಲಿ ವರದಿ ಮಾಡಿತು. ಸಂಕೇತ ಸಿಕ್ಕೊಡನೆ ಈಜುವ ಹಾಗೂ ರೋಗವುಂಟುಮಾಡುವ ಗುಣಗಳಿಗೆ ಸಂಬಂಧಿಸಿದ ಜೀನುಗಳು ಚುರುಕಾಗುತ್ತವೆ. ಕರುಗಳ ಕರುಳಿನ ಮೇಲೆ ನಡೆಸಿದ ಪ್ರಯೋಗವೊಂದರಲ್ಲಿ, ನಾರ್‌ಅಡ್ರಿನಲಿನ್ ಇದ್ದಾಗ ಇ. ಕೋಲೈ ಒ157 ತಳಿಯು ಕರುಳಿನ ಪದರಕ್ಕೆ ಹೆಚ್ಚು ಅಂಟಿಕೊಂಡು ಉರಿಯೂತವನ್ನು ಹೆಚ್ಚಿಸಿದ್ದು 2004ರಲ್ಲಿ ಪ್ರಕಟವಾಗಿದೆ. ಈ ತಳಿ ದನಗಳಿಗೆ ಅಷ್ಟಾಗಿ ಬಾಧಿಸದಿದ್ದರೂ ಸಗಣಿಯ ಮೂಲಕ ಮನುಷ್ಯರಿಗೆ ಹರಡಿ, ಮುಖ್ಯವಾಗಿ ಮಕ್ಕಳಿಗೆ, ರಕ್ತಭೇದಿ ಉಂಟುಮಾಡುತ್ತದೆ.

ಎಲ್ಲ ಭೇದಿಗೂ ಇದೊಂದೇ ಕಾರಣವಲ್ಲ. ವೈರಸ್, ಕಾಕ್ಸಿಡಿಯ, ಜಂತುಹುಳು, ಹಾಲು ಹೆಚ್ಚಾಗಿ ಕುಡಿಸುವುದು ಇವೂ ಕಾರಣಗಳೇ. ಆದರೆ ರೋಗಾಣುವಿದ್ದರೂ ಅದು ಕೆರಳದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಸಾಕುವವರ ಕೈಯಲ್ಲಿದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಕರು ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲು ಆರಂಭಿಸಬೇಕು. ಮೊದಲ ದಿನ ಅದರ ತೂಕದ ಹತ್ತನೆಯ ಒಂದು ಭಾಗ, ಅಂದರೆ 25 ಕಿಲೋ ಕರುವಿಗೆ ಸುಮಾರು ಎರಡೂವರೆ ಲೀಟರು, ಎರಡು-ಮೂರು ಸಲ ಹಂಚಿ ಕೊಡಬೇಕು.

2. ಸಾಗಿಸುವಾಗ ತಂಪು ಹೊತ್ತನ್ನು ಆರಿಸಿ, ವಾಹನದಲ್ಲಿ ಹುಲ್ಲು ಹಾಸಬೇಕು. ಬಾಲ ತಿರುಚುವುದು, ಹೊಡೆಯುವುದು, ಕಿಕ್ಕಿರಿದು ತುಂಬುವುದು ಕೂಡದು.

3. ಹಾಲು ಬಿಡಿಸುವುದು, ಕೊಂಬು ಸುಡುವುದು, ಸ್ಥಳ ಬದಲಾವಣೆ ಇವನ್ನು ಒಂದೇ ವಾರದಲ್ಲಿ ಮಾಡಬಾರದು.

4. ಹೊಸ ಮೇವನ್ನು 7ರಿಂದ 10 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಬೇಕು.

5. ಹೊಸದಾಗಿ ತಂದ ರಾಸನ್ನು ಮೂರು ವಾರ ಬೇರೆ ಕಟ್ಟಬೇಕು. ಅದರ ಸಗಣಿ ಬಾಚಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು.

6. ಭೇದಿ ಕಂಡಕೂಡಲೇ ಪಶುವೈದ್ಯರನ್ನು ಕರೆಸಬೇಕು. ಹೆಚ್ಚಿನ ಕರುಗಳು ಸಾಯುವುದು ದೇಹದ ನೀರು ಮತ್ತು ಲವಣ ಬರಿದಾಗಿ. ಕಣ್ಣು ಗುಳಿಬಿದ್ದು ಕಾಲು ತಣ್ಣಗಾದರೆ ಸ್ವಲ್ಪವೂ ತಡಮಾಡಬಾರದು. ಪ್ರತಿಜೀವಕಗಳನ್ನು ತಾವಾಗಿಯೇ ಕೊಡುವುದು ಸರಿಯಲ್ಲ.

ಈ ಕ್ರಮಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಕರುವನ್ನು ಬೆದರಿಸದೆ ನಡೆಸಿಕೊಳ್ಳುವುದು ದಯೆ ಮಾತ್ರವಲ್ಲ, ರೋಗ ತಡೆಯುವ ಒಂದು ಉಪಾಯವೂ ಹೌದು.