ಕೆಂಪು ಬಣ್ಣ ಮಾಸಿತೇ? ದೃಷ್ಟಿನರದ ಉರಿಯೂತವಿರಬಹುದು

ಬೆಳಿಗ್ಗೆ ಏಳುತ್ತಲೇ ಒಂದು ಕಣ್ಣಿಗೆ ಮಂಜು ಕವಿದಂತೆ ಭಾಸವಾಗುತ್ತದೆ. ಕಣ್ಣುಗುಡ್ಡೆ ಹೊರಳಿಸಿದರೆ ಹಿಂಬದಿಯಲ್ಲಿ ನೋವು. ಎರಡು ಮೂರು ದಿನಗಳಲ್ಲಿ ಮಂಜು ಇನ್ನಷ್ಟು ದಟ್ಟವಾಗುತ್ತದೆ. ಕನ್ನಡಕದ ಅಂಗಡಿಯಲ್ಲಿ ಯಾವ ಗಾಜು ಇಟ್ಟರೂ ಪ್ರಯೋಜನವಾಗದು. ಕಾರಣ, ಕೆಟ್ಟಿರುವುದು ಕಣ್ಣಲ್ಲ. ಕಣ್ಣು ಕಂಡದ್ದನ್ನು ಮಿದುಳಿಗೆ ತಲುಪಿಸುವ ನರ.

ವೈದ್ಯರು ಇದನ್ನು 'ಆಪ್ಟಿಕ್ ನ್ಯೂರೈಟಿಸ್' ಎನ್ನುತ್ತಾರೆ. 20ರಿಂದ 40ರ ವಯೋಮಾನದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು. ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ಎಳೆಗಳಿದ್ದು, ವಿದ್ಯುತ್ ತಂತಿಯ ಹೊದಿಕೆಯಂತೆ 'ಮಯಲಿನ್' ಎಂಬ ಪದರ ಅವನ್ನು ಸುತ್ತುವರಿದಿರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಈ ಪದರದ ಮೇಲೆ ದಾಳಿ ಮಾಡಿದಾಗ ಸಂಕೇತಗಳು ನಿಧಾನವಾಗುತ್ತವೆ ಅಥವಾ ನಿಂತೇ ಹೋಗುತ್ತವೆ. ಬಣ್ಣಗಳು, ಮುಖ್ಯವಾಗಿ ಕೆಂಪು, ಒಗೆದು ಮಾಸಿದ ಬಟ್ಟೆಯಂತೆ ಕಾಣುತ್ತವೆ. ಒಂದೊಂದೇ ಕಣ್ಣು ಮುಚ್ಚಿ ಕೆಂಪು ವಸ್ತುವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಸುಮಾರು ಮೂರರಲ್ಲಿ ಎರಡು ಪ್ರಕರಣಗಳಲ್ಲಿ ಉರಿಯೂತ ಕಣ್ಣುಗುಡ್ಡೆಯ ಹಿಂದೆ ಅಡಗಿರುವುದರಿಂದ ತಪಾಸಣೆಯಲ್ಲಿ ನರದ ಮುಖ ಸಹಜವಾಗಿಯೇ ತೋರುತ್ತದೆ. ರೋಗಿಗೂ ಏನೂ ಕಾಣದು, ವೈದ್ಯರಿಗೂ ಏನೂ ಕಾಣದು ಎಂಬ ಹಳೆಯ ಮಾತು ಹುಟ್ಟಿದ್ದು ಹೀಗೆ. ಸುಳಿವು ಕೊಡುವುದು ಒಂದು ಸಾಮಾನ್ಯ ಟಾರ್ಚ್: ಬೆಳಕನ್ನು ಒಳ್ಳೆಯ ಕಣ್ಣಿನಿಂದ ಬಾಧಿತ ಕಣ್ಣಿಗೆ ಸರಿಸಿದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ.

ಚಿಕಿತ್ಸೆಯ ವಿಷಯದಲ್ಲಿ 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ವೈದ್ಯಲೋಕವನ್ನೇ ಬೆಚ್ಚಿಬೀಳಿಸಿತು. 450ಕ್ಕೂ ಹೆಚ್ಚು ರೋಗಿಗಳ ಪೈಕಿ, ರಕ್ತನಾಳದ ಮೂಲಕ ಸ್ಟೆರಾಯ್ಡ್ ಪಡೆದವರು ಬೇಗ ಚೇತರಿಸಿಕೊಂಡರು. ಆದರೆ ವರ್ಷದ ಬಳಿಕ ಅವರ ದೃಷ್ಟಿ ಉಳಿದವರಿಗಿಂತ ಹೆಚ್ಚೇನೂ ಭಿನ್ನವಾಗಿರಲಿಲ್ಲ. ಸಾಧಾರಣ ಪ್ರಮಾಣದ ಮಾತ್ರೆಯನ್ನಷ್ಟೇ ನುಂಗಿದವರಲ್ಲಿ ರೋಗ ಮರುಕಳಿಸಿದ್ದೇ ಹೆಚ್ಚು! ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸ್ಟೆರಾಯ್ಡ್ ಕೇಳಿ ಪಡೆಯುವವರು ಇದನ್ನು ಗಮನಿಸಬೇಕು.

ಮಿದುಳಿನ ಎಂಆರ್‌ಐ ಅಗತ್ಯವಾಗುವುದು ಬೇರೊಂದು ಕಾರಣಕ್ಕೆ. ಅದೇ ರೋಗಿಗಳನ್ನು 15 ವರ್ಷ ಗಮನಿಸಿದಾಗ, ಆರಂಭದಲ್ಲೇ ಮಿದುಳಿನಲ್ಲಿ ಕಲೆಗಳಿದ್ದವರಲ್ಲಿ ಶೇ 72 ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಣಿಸಿಕೊಂಡಿತ್ತು. ಕಲೆಗಳಿಲ್ಲದವರಲ್ಲಿ ಶೇ 25. ಇನ್ನು 'ನ್ಯೂರೋಮಯಲೈಟಿಸ್ ಆಪ್ಟಿಕಾ' ಎಂಬ ಉಗ್ರ ಸ್ವರೂಪದ ರೋಗವನ್ನು 2004ರಲ್ಲಿ ಪತ್ತೆಯಾದ ಪ್ರತಿಕಾಯದ ರಕ್ತಪರೀಕ್ಷೆಯಿಂದ ಗುರುತಿಸಬಹುದು. ಇದರಲ್ಲಿ ಚಿಕಿತ್ಸೆ ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗುವ ಅಪಾಯವಿದೆ.

ಸಾಮಾನ್ಯ ಸ್ವರೂಪದಲ್ಲಿ ಬಹುತೇಕರಿಗೆ ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ. ಆದರೂ ಬಿಸಿನೀರಿನ ಸ್ನಾನ ಅಥವಾ ವೇಗದ ನಡಿಗೆಯ ನಂತರ ಕಣ್ಣು ತುಸು ಹೊತ್ತು ಮಂಜಾಗುವುದುಂಟು. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಟ್‌ಹೋಫ್ 1890ರಲ್ಲೇ ಇದನ್ನು ದಾಖಲಿಸಿದ್ದರು. ಮೈ ತಣ್ಣಗಾದರೆ ಮಂಜೂ ಸರಿಯುತ್ತದೆ.