ಯಕೃತ್ತಿನ ಕ್ಯಾನ್ಸರ್ ಮತ್ತು ರೋಗನಿರೋಧಕ ವ್ಯವಸ್ಥೆ

ದೇಹವನ್ನು ರಕ್ಷಿಸುವ ರೋಗನಿರೋಧಕ ವ್ಯವಸ್ಥೆಯೇ ಕೆಲವು ಸಂದರ್ಭಗಳಲ್ಲಿ ಕ್ಯಾನ್ಸರ್ ರೋಗಕ್ಕೆ ದಾರಿ ಮಾಡಿಕೊಡುತ್ತದೆ. ಹೆಪಟೈಟಿಸ್-ಬಿ ಸೋಂಕು ಇದಕ್ಕೆ ನಿದರ್ಶನ. ಇದರ ವೈರಾಣುಗಳು ಯಕೃತ್ತಿನ ಜೀವಕೋಶಗಳಲ್ಲಿ ನೆಲೆಸುತ್ತವೆ. ಆದರೆ ಆ ಕೋಶಗಳನ್ನು ಹೆಚ್ಚಾಗಿ ನಾಶಪಡಿಸುವುದು ವೈರಾಣುಗಳಲ್ಲ. ಅವುಗಳನ್ನು ಎದುರಿಸಲು ಧಾವಿಸುವ ನಮ್ಮದೇ ಬಿಳಿ ರಕ್ತಕಣಗಳು. ಇವು ಸ್ರವಿಸುವ ರಾಸಾಯನಿಕ ಸಂಕೇತಗಳು ಅಳಿದುಳಿದ ಕೋಶಗಳಲ್ಲಿರುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಪ್ರಚೋದಿಸುತ್ತವೆ. ಆಗ ಕೋಶಗಳು ಸಾವನ್ನು ತಡೆದುಕೊಂಡು ವೃದ್ಧಿಯಾಗುತ್ತವೆ. ಗಾಯ ಮಾಯಲು ಇದು ಅವಶ್ಯಕ. ಸೋಂಕು ದಶಕಗಳ ಕಾಲ ಉಳಿದಾಗಲಾದರೋ, ಪದೇ ಪದೇ ವಿಭಜನೆ ಹೊಂದುವ ಕೋಶಗಳ ವಂಶವಾಹಿಗಳಲ್ಲಿ ದೋಷಗಳು ಸಂಚಯವಾಗುತ್ತವೆ. ಸಾಯಬೇಕಾದ ದೋಷಯುಕ್ತ ಕೋಶವೂ ಬದುಕುಳಿದು ಗಡ್ಡೆಯಾಗಬಹುದು.

ಸೋಂಕನ್ನೇ ತಡೆದರೆ ಈ ಸರಪಳಿ ಆರಂಭವಾಗದು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ವಂಶವಾಹಿ ತಂತ್ರಜ್ಞಾನದಿಂದ ತಯಾರಿಸಿದ ದೇಶದ ಪ್ರಥಮ ಹೆಪಟೈಟಿಸ್-ಬಿ ಲಸಿಕೆಯನ್ನು 1997ರಲ್ಲಿ ಹೊರತಂದಿತು. ಅಲ್ಲಿಯವರೆಗೆ ಆಮದಾಗುತ್ತಿದ್ದ ದುಬಾರಿ ಲಸಿಕೆ ಇದರಿಂದ ಅಗ್ಗವಾಯಿತು. 2011ರಲ್ಲಿ ಈ ಲಸಿಕೆಯನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ದೇಶದಾದ್ಯಂತ ವಿಸ್ತರಿಸಲಾಯಿತು.

ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗಲಿದ ಶಿಶುಗಳಲ್ಲಿ ಶೇಕಡ 90ರಷ್ಟು ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ಆದ್ದರಿಂದ ಮಗು ಜನಿಸಿದ 24 ಗಂಟೆಗಳೊಳಗೆ ಪ್ರಥಮ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.